ಸುಟ್ಟ ಸಿಎಫ್‌ಎಲ್, ಉಬ್ಬಿದ ಬ್ಯಾಟರಿ: ಒಣ ಕಸಕ್ಕೆ ಬೇಡ

ನಮಸ್ಕಾರ. ಕೋಥ್ರೂಡ್ ಮನೆಯಲ್ಲಿರುವ ಮೂರು ಸುಟ್ಟ ಸಿಎಫ್‌ಎಲ್ ಬಲ್ಬ್, ಒಂದು ಉಬ್ಬಿದ ಫೋನ್ ಬ್ಯಾಟರಿಯನ್ನು ಒಣ ಕಸದ ಜೊತೆ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಪುಣೆಯಲ್ಲಿ ಆ ಕಸವನ್ನು ‘ಸ್ವಚ್ಛ್’ ಸಹಕಾರ ಸಂಘದ ಅಕ್ಕಂದಿರು ಕೈಯಲ್ಲೇ ಬೇರೆ ಮಾಡುತ್ತಾರೆ, ಅಲ್ವಾ?

ಮೊದಲು ಬ್ಯಾಟರಿ, ಅದರದ್ದೇ ಅಪಾಯ ಜಾಸ್ತಿ. ಚುಚ್ಚಬೇಡಿ, ಒತ್ತಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಕಸದ ಗಾಡಿಯಲ್ಲಿ ಜಜ್ಜಿಹೋದರೆ ಬೆಂಕಿ ಹತ್ತಬಹುದು. ಲೋಹದ ತುದಿಗಳಿಗೆ ಟೇಪ್ ಅಂಟಿಸಿ, ಒಣ ಮರಳು ಹಾಕಿದ ಡಬ್ಬದಲ್ಲಿಡಿ. ಮುಚ್ಚಳ ಬಿಗಿ ಮಾಡಬೇಡಿ.

ಸಿಎಫ್‌ಎಲ್ ಒಳಗೆ ಕೆಲವೇ ಮಿಲಿಗ್ರಾಂ ಪಾದರಸ ಇರುತ್ತದೆ. ಪೇಪರ್ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ, ಸಾಕು. ನಮ್ಮ ಅಡುಗೆಮನೆಯಲ್ಲಿ ಒಮ್ಮೆ ಒಂದು ಒಡೆಯಿತು. ಕಿಟಕಿ ತೆರೆದು 15 ನಿಮಿಷ ಹೊರಗಿದ್ದೆವು. ಪೊರಕೆ ಮುಟ್ಟಲಿಲ್ಲ. ಹಳೇ ಲಗ್ನಪತ್ರಿಕೆಯ ರಟ್ಟಿನಿಂದ ಚೂರು ಎತ್ತಿದೆ, ಸಣ್ಣ ಪುಡಿಯನ್ನು ಟೇಪ್‌ಗೆ ಅಂಟಿಸಿ ತೆಗೆದೆ. ಎಲ್ಲವನ್ನೂ ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗೆ ಹಾಕಿ ಮುಚ್ಚಿದೆ.

ಇಂಥ ಕಸಕ್ಕೆ 20 ಚದರ ಕಿ.ಮೀ.ಗೆ ಒಂದು ಸಂಗ್ರಹ ಕೇಂದ್ರ ಇರಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ನಿಮ್ಮ ವಾರ್ಡ್ ಆಫೀಸಿನಲ್ಲಿ ಕೇಳಿ. ಅಲ್ಲಿ ಸುಮ್ನೆ ರಾಶಿಗೆ ಎಸೆಯದೆ, ಒಳಗೇನಿದೆ ಅಂತ ಹೇಳಿ ಸಿಬ್ಬಂದಿಯ ಕೈಗೆ ಕೊಡಿ.