ಲಕ್ವ ತಲೆಗೆ ಹೊಡೆದರೆ ನ್ಯುಮೋನಿಯಾ ಏಕೆ ಬರುತ್ತದೆ?

ಪ್ರಶ್ನೆ: ಮಾನ್ಯ ಡಾಕ್ಟರರೇ, ನಮ್ಮ ಮನೆಯಲ್ಲಿ ಒಂದೇ ವರ್ಷದೊಳಗೆ ಇಬ್ಬರಿಗೆ ಲಕ್ವ ಹೊಡೆಯಿತು. ತಂದೆಯವರಿಗೆ ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು, ಮಾತು ತೊದಲಿತು. ಆದರೂ ಬೇರೆ ತೊಂದರೆಯಿಲ್ಲದೆ ಮನೆಗೆ ಬಂದರು. ಚಿಕ್ಕಪ್ಪನವರ ಕೈಕಾಲು ಚೆನ್ನಾಗಿಯೇ ಇದ್ದವು. ತಲೆಸುತ್ತು, ವಾಂತಿ, ನಿಲ್ಲದ ಬಿಕ್ಕಳಿಕೆ, ಒಡೆದ ದನಿ, ಇಷ್ಟೇ ಇದ್ದದ್ದು. ಮೂರನೆಯ ದಿನ ಅವರಿಗೆ ನ್ಯುಮೋನಿಯಾ ಆಗಿ ಐಸಿಯುಗೆ ಸೇರಿಸಬೇಕಾಯಿತು. ಮಳೆಗಾಲದ ಥಂಡಿ ಎಂದು ಊರಿನವರು ಹೇಳುತ್ತಾರೆ. ಹಾಸನದಲ್ಲಿ ನೋಡಿದ ವೈದ್ಯರು ಮಾತ್ರ ‘ಲಕ್ವ ಆಗಿರುವ ಜಾಗ ಅಂಥದ್ದು’ ಎಂದರು. ತಲೆಯೊಳಗಿನ ಜಾಗಕ್ಕೂ ಶ್ವಾಸಕೋಶಕ್ಕೂ ಏನು ಸಂಬಂಧ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ವೈದ್ಯರು ಹೇಳಿದ್ದು ಸರಿಯಾಗಿಯೇ ಇದೆ. ಸ್ಕ್ಯಾನ್ ನೋಡದೆ ಖಚಿತವಾಗಿ ಹೇಳುವುದು ತಪ್ಪಾದರೂ, ನಿಮ್ಮ ಚಿಕ್ಕಪ್ಪನವರ ಲಕ್ಷಣಗಳು ಮೆದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗದ ಪಕ್ಕದಲ್ಲಿ ರಕ್ತಸಂಚಾರ ನಿಂತಾಗ ಕಾಣುವ ಲಕ್ಷಣಗಳನ್ನೇ ಹೋಲುತ್ತವೆ. ಜರ್ಮನಿಯ ವೈದ್ಯ ಅಡಾಲ್ಫ್ ವಾಲೆನ್‌ಬರ್ಗ್ 1895ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದರಿಂದ ಇದಕ್ಕೆ ಇಂದಿಗೂ ಅವರ ಹೆಸರೇ ಇದೆ. ಮೆಡುಲ್ಲಾದ ಉದ್ದ ಸುಮಾರು ಮೂರು ಸೆಂಟಿಮೀಟರ್ ಮಾತ್ರ. ಕೈಕಾಲುಗಳಿಗೆ ಆಜ್ಞೆ ಒಯ್ಯುವ ನರತಂತುಗಳು ಅದರ ಮುಂಭಾಗದಲ್ಲಿ ಇಳಿಯುತ್ತವೆ. ನುಂಗುವುದನ್ನು ಮತ್ತು ಧ್ವನಿಪೆಟ್ಟಿಗೆಯನ್ನು ನಿಯಂತ್ರಿಸುವ ನರಕೇಂದ್ರಗಳು ಅದರ ಹಿಂಬದಿಯಲ್ಲಿ, ಪಕ್ಕದಲ್ಲಿ ಇರುತ್ತವೆ. ಆದುದರಿಂದ ಈ ಪಕ್ಕದ ಭಾಗಕ್ಕಷ್ಟೇ ಪೆಟ್ಟು ಬಿದ್ದವರು ಕೈಯೆತ್ತಿ ನಮಸ್ಕಾರ ಮಾಡಬಲ್ಲರು, ಆದರೆ ಒಂದು ಗುಟುಕು ನೀರನ್ನು ನೇರವಾಗಿ ಅನ್ನನಾಳಕ್ಕೆ ಇಳಿಸಲಾರರು.

ನುಂಗುವಾಗ ಅಂಗುಳಿನ ಹಿಂಭಾಗ ಮೇಲೇರಿ ಮೂಗಿನ ದಾರಿಯನ್ನು ಮುಚ್ಚುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಗಂಟಲಿನ ಮುಚ್ಚಳ ಶ್ವಾಸನಾಳದ ಮೇಲೆ ಬಾಗುತ್ತದೆ, ಉಸಿರು ಕ್ಷಣಕಾಲ ನಿಲ್ಲುತ್ತದೆ, ಆಗ ಅನ್ನನಾಳದ ಬಾಯಿ ತೆರೆದುಕೊಳ್ಳುತ್ತದೆ. ಗಂಟಲಿನಲ್ಲಿ ನಡೆಯುವ ಈ ಕೆಲಸವೆಲ್ಲ ಸುಮಾರು ಒಂದು ಸೆಕೆಂಡಿನೊಳಗೆ ಮುಗಿಯಬೇಕು. ಕ್ರಮ ತಪ್ಪಿದರೆ ಆಹಾರವೋ ನೀರೋ ಶ್ವಾಸನಾಳಕ್ಕೆ ಜಾರುತ್ತದೆ. ಆರೋಗ್ಯವಂತರಿಗೆ ಹಾಗಾದಾಗ ನೆತ್ತಿಗೆ ಹತ್ತಿ, ಕೆಮ್ಮಿ ಹೊರಹಾಕುತ್ತಾರೆ. ಲಕ್ವ ಹೊಡೆದವರಲ್ಲಿ ಗಂಟಲಿನ ಸ್ಪರ್ಶಜ್ಞಾನವೂ ಕೆಮ್ಮಿನ ಬಲವೂ ಕುಗ್ಗಿರುವುದರಿಂದ ಎಷ್ಟೋ ವೇಳೆ ಕೆಮ್ಮೇ ಬರುವುದಿಲ್ಲ. ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದಿರುತ್ತದೆ, ಮನೆಯವರು ಮಾತ್ರ ‘ಚೆನ್ನಾಗಿ ಕುಡಿದರು’ ಎಂದುಕೊಂಡಿರುತ್ತಾರೆ. ಬಾಯಲ್ಲಿದ್ದ ರೋಗಾಣುಗಳು ಹೀಗೆ ಎದೆಗಿಳಿದು ಬೆಳೆಯುವುದೇ ಈ ನ್ಯುಮೋನಿಯಾದ ಮುಖ್ಯ ಕಾರಣ. ಹೊರಗೆ ಸುರಿಯುವ ಮಳೆಯನ್ನು ದೂರುವ ಅಗತ್ಯವಿಲ್ಲ.

ಇನ್ನು ನಿಮ್ಮ ತಂದೆಯವರ ವಿಷಯ. ಬಲಭಾಗ ಸ್ವಾಧೀನ ತಪ್ಪಿ ಮಾತು ಕೆಟ್ಟಿದ್ದರಿಂದ ಪೆಟ್ಟು ಬಿದ್ದದ್ದು ಮೆದುಳಿನ ಎಡ ಅರ್ಧಗೋಳಕ್ಕೆ ಎಂದು ಊಹಿಸಬಹುದು. ಕೈಕಾಲುಗಳ ಚಲನೆಯನ್ನು ಮುಖ್ಯವಾಗಿ ಎದುರು ಬದಿಯ ಅರ್ಧಗೋಳವೊಂದೇ ನಡೆಸುತ್ತದೆ. ನುಂಗುವ ಕ್ರಿಯೆಗೆ ಹಾಗಲ್ಲ, ಎರಡೂ ಅರ್ಧಗೋಳಗಳಿಂದ ಆಜ್ಞೆ ಬರುತ್ತದೆ. ಒಂದು ಕೆಟ್ಟರೆ ಇನ್ನೊಂದು ಸ್ವಲ್ಪಮಟ್ಟಿಗಾದರೂ ನಿಭಾಯಿಸುತ್ತದೆ. ಆದರೆ ಇದನ್ನೇ ನಿಯಮವೆಂದು ಹಿಡಿಯಬಾರದು. ಅರ್ಧಗೋಳದ ದೊಡ್ಡ ರಕ್ತನಾಳವೇ ಮುಚ್ಚಿ, ಊತ ಬಂದು, ಪ್ರಜ್ಞೆ ಮಂಕಾದ ರೋಗಿಗೆ ನ್ಯುಮೋನಿಯಾದ ಅಪಾಯ ಬಹಳ ಹೆಚ್ಚು. ಎರಡೂ ಬದಿಗಳಲ್ಲಿ ಹಿಂದೆಂದೋ ಸಣ್ಣಸಣ್ಣ ಲಕ್ವಗಳಾಗಿದ್ದವರಿಗೆ ಹೊಸದೊಂದು ಸಣ್ಣ ಪೆಟ್ಟೂ ಸಾಕಾಗುತ್ತದೆ. ಒಟ್ಟಾರೆ ಲಕ್ವ ರೋಗಿಗಳಲ್ಲಿ ಹತ್ತರಲ್ಲಿ ಒಬ್ಬರಿಗೆ, ಹೆಚ್ಚಾಗಿ ಮೊದಲ ವಾರದಲ್ಲಿ, ನ್ಯುಮೋನಿಯಾ ಬರುತ್ತದೆ. ಈ ಅಪಾಯವನ್ನು ಅಳೆಯಲು ಬಳಕೆಯಲ್ಲಿರುವ ಒಂದು ಅಂಕಪಟ್ಟಿಯಲ್ಲಿ 75 ದಾಟಿದ ವಯಸ್ಸು, ಗಂಡಸಾಗಿರುವುದು, ಹೃದಯದ ಅನಿಯತ ಬಡಿತ, ನುಂಗುವ ತೊಂದರೆ ಮತ್ತು ಲಕ್ವದ ತೀವ್ರತೆ ಇವೆ. ಜಾಗದ ಹೆಸರು ಆ ಪಟ್ಟಿಯಲ್ಲೇ ಇಲ್ಲವೆಂಬುದನ್ನು ಗಮನಿಸಿ. ಜಾಗದ ಪರಿಣಾಮ ಬಹುಪಾಲು ನುಂಗುವ ತೊಂದರೆಯ ಮೂಲಕವೇ ಪ್ರಕಟವಾಗುವುದರಿಂದ, ಸ್ಕ್ಯಾನ್ ವರದಿಯ ಹೆಸರುಗಳಿಗಿಂತ ಗಂಟಲಿನ ಪರೀಕ್ಷೆಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಎರಡನೆಯ ದಾರಿಯೊಂದೂ ಇದೆ. ಲಕ್ವವಾದ ಕೂಡಲೇ ಒತ್ತಡದ ಹಾರ್ಮೋನುಗಳು ಏರಿ, ರಕ್ತದ ಲಿಂಫೋಸೈಟ್ ಎಂಬ ಬಿಳಿ ಕಣಗಳು ಇಳಿದು, ದೇಹದ ರೋಗನಿರೋಧಕ ಶಕ್ತಿ ಕೆಲವು ದಿನ ಕುಗ್ಗುತ್ತದೆ. ಮೆದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗಕ್ಕೆ ಪೆಟ್ಟಾದರೆ ಈ ಏರುಪೇರು ಹೆಚ್ಚೆಂದು ಕೆಲವು ಅಧ್ಯಯನಗಳು ಸೂಚಿಸಿವೆ, ಎಲ್ಲವೂ ಒಪ್ಪಿಲ್ಲ. ಹಾಗಿದ್ದರೆ ಮುಂಚಿತವಾಗಿಯೇ ಆ್ಯಂಟಿಬಯಾಟಿಕ್ ಕೊಡಬಾರದೇ ಎಂದು ಕೇಳುವವರಿದ್ದಾರೆ. ನೆದರ್ಲೆಂಡ್ಸ್ ಮತ್ತು ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಅದರಿಂದ ನ್ಯುಮೋನಿಯಾ ತಗ್ಗಲಿಲ್ಲ.

ತಗ್ಗಿಸುವುದು ಆರೈಕೆ. ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಗೆ ಏನನ್ನೂ, ಮಾತ್ರೆಯನ್ನೂ ಸಹ, ಹಾಕಬಾರದು. ನಮ್ಮ ಕಡೆಯ ವಾರ್ಡುಗಳಲ್ಲಿ ನೋಡಲು ಬಂದ ನೆಂಟರು, ಮಲಗಿರುವವರ ತಲೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಫ್ಲಾಸ್ಕಿನ ಕಾಫಿಯನ್ನು ಚಮಚದಲ್ಲಿ ಬಾಯಿಗೆ ಬಿಡುವುದು ಪ್ರೀತಿಯಿಂದಲೇ. ಆದರೆ ಕಾಫಿ, ಎಳನೀರು, ಮಜ್ಜಿಗೆ, ತಿಳಿಸಾರುಗಳಂಥ ತೆಳು ಪದಾರ್ಥಗಳೇ ಎಲ್ಲಕ್ಕಿಂತ ಬೇಗ ಶ್ವಾಸನಾಳಕ್ಕೆ ಜಾರುತ್ತವೆ. ಸಾರನ್ನದಲ್ಲಿ ತೆಳುವೂ ಗಟ್ಟಿಯೂ ಬೆರೆತಿರುವುದರಿಂದ ಅದು ಇನ್ನೂ ಕಷ್ಟ. ಹಾಸನದ ಕಡೆ ಮುದ್ದೆಯನ್ನು ಅಗಿಯದೆ ನುಂಗುವ ರೂಢಿಯಿದೆ. ಗಂಟಲು ದುರ್ಬಲವಾದವರಿಗೆ ಅದು ಸಿಕ್ಕಿಕೊಳ್ಳಬಹುದು. ಪರೀಕ್ಷೆಯ ನಂತರ, ತಜ್ಞರು ಒಪ್ಪಿದರೆ, ಗಂಟಿಲ್ಲದ ಗಟ್ಟಿ ರಾಗಿ ಗಂಜಿಯಿಂದ ಆರಂಭಿಸಬಹುದು. ನೆಟ್ಟಗೆ ಕೂರಿಸಿಯೇ ಉಣಿಸಬೇಕು, ಊಟವಾದ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು.

ಪ್ರಶ್ನೆ: ನಮ್ಮ ತಾಯಿಗೆ ಲಕ್ವವಾದ ಮೇಲೆ ಮೂಗಿನಿಂದ ನಳಿಕೆ ಹಾಕಿದ್ದಾರೆ. ಆಹಾರವೆಲ್ಲ ನಳಿಕೆಯಲ್ಲೇ ಹೋಗುತ್ತದೆ. ಇನ್ನು ನ್ಯುಮೋನಿಯಾದ ಭಯವಿಲ್ಲವಷ್ಟೇ? ನಳಿಕೆ ಎಷ್ಟು ದಿನ ಇರಬೇಕು?
– ಮೂಡಿಗೆರೆಯ ಓದುಗರು

ಉತ್ತರ: ಭಯ ಪೂರ್ತಿ ಹೋಗುವುದಿಲ್ಲ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಸುರಿಯುತ್ತದೆ, ಅದನ್ನು ನಳಿಕೆ ತಡೆಯಲಾರದು. ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬರುವುದೂ ಉಂಟು. ಆದ್ದರಿಂದ ಬಾಯಿಂದ ಏನನ್ನೂ ತಿನ್ನದವರ ಬಾಯಿಯನ್ನೂ ದಿನಕ್ಕೆ ಎರಡು ಬಾರಿಯಾದರೂ, ನೀರು ಗಂಟಲಿಗಿಳಿಯದ ಹಾಗೆ, ಮೆತ್ತನೆಯ ಬ್ರಷ್ಷಿನಿಂದ ಶುಚಿ ಮಾಡಬೇಕು. ಎಲೆಅಡಿಕೆ, ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಒಸಡಿನ ಸಂದುಗಳಲ್ಲಿ ಉಳಿದ ಚೂರುಗಳನ್ನು ತೆಗೆಯಬೇಕು, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡಬೇಕು. ನಳಿಕೆಯಲ್ಲಿ ಆಹಾರ ಕೊಡುವಾಗಲೂ ತಲೆಯ ಭಾಗವನ್ನು 30 ಡಿಗ್ರಿಗಿಂತ ಎತ್ತರದಲ್ಲಿಡಿ.

ಹೆಚ್ಚಿನವರಿಗೆ ನುಂಗುವ ಶಕ್ತಿ ಕೆಲವು ವಾರಗಳಲ್ಲಿ ಮರಳುತ್ತದೆ. ಮೆದುಳಿನ ಬುಡಕ್ಕೆ ಪೆಟ್ಟಾದವರಲ್ಲಿ ಕೆಲವರಿಗೆ ತಿಂಗಳುಗಳೇ ಹಿಡಿಯಬಹುದು. ಹಾಗಿದ್ದಲ್ಲಿ ಮೂಗಿನ ನಳಿಕೆಯ ಬದಲು ಹೊಟ್ಟೆಯ ಮೇಲಿನಿಂದ ನೇರವಾಗಿ ಜಠರಕ್ಕೆ ನಳಿಕೆ ಹಾಕುತ್ತಾರೆ. ನೀವಾಗಿಯೇ ‘ಒಂದು ಗುಟುಕು ಕೊಟ್ಟು ನೋಡೋಣ’ ಎನ್ನಬೇಡಿ. ಮಾತು ಮತ್ತು ನುಂಗುವಿಕೆಯ ಚಿಕಿತ್ಸಕರಿಂದ ಪರೀಕ್ಷೆ ಮಾಡಿಸಿ. ಅನುಮಾನವಿದ್ದರೆ ಬೇರಿಯಂ ನುಂಗಿಸಿ ಎಕ್ಸ್-ರೇಯಲ್ಲಿ ಅದು ಇಳಿಯುವ ದಾರಿಯನ್ನೇ ನೋಡುತ್ತಾರೆ. ಈ ನಡುವೆ ಜ್ವರ, ಏದುಸಿರು, ಗಂಟಲಲ್ಲಿ ನೀರು ತುಂಬಿದಂಥ ಗೊರಗೊರ ದನಿ ಅಥವಾ ಹೊಸದಾಗಿ ಮಂಪರು ಕಂಡರೆ, ಕೆಮ್ಮು ಇಲ್ಲವೆಂದು ಸುಮ್ಮನಿರದೆ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.