ಮೊಲದ ಋಣ

ಕಟಪಾಡಿಯಿಂದ ನಿವೃತ್ತ ಟೀಚರ್ ಒಬ್ಬರು ಬರೆದಿದ್ದಾರೆ: "ಹಂದಿಗಳ ಲಿವರ್ ಕತ್ತರಿಸಿ ಮತ್ತೆ ಬೆಳೆಸಿದ ಸುದ್ದಿಯನ್ನು ಕಳೆದ ಸಂಚಿಕೆಯಲ್ಲಿ ಓದಿದೆ. ಆ ದಿನ ಊಟ ಸೇರಲಿಲ್ಲ. ಮನುಷ್ಯರಿಗೆ ಇನ್ನೂ ಸಿಗದ ಮದ್ದಿಗಾಗಿ ಮೂಕಪ್ರಾಣಿಗಳನ್ನು ಕೊಯ್ಯುವುದು ಯಾವ ನ್ಯಾಯ? ಇಂಥದ್ದನ್ನು ದಯವಿಟ್ಟು ಹಾಕಬೇಡಿ."

ಟೀಚರೇ, ನಿಮ್ಮ ಸಂಕಟ ಸುಳ್ಳಲ್ಲ. ಪ್ರಾಣಿಯ ಮೇಲೆ ಕತ್ತಿ ಇಡುವ ಹಕ್ಕು ವಿಜ್ಞಾನಿಗೂ ಸುಮ್ನೆ ಬರುವುದಿಲ್ಲ. ಅದಕ್ಕೇ ನಮ್ಮಲ್ಲಿ 1960ರ ಕಾಯಿದೆ ಇದೆ, ಸಮಿತಿಯ ಒಪ್ಪಿಗೆ ಬೇಕು, ಅರಿವಳಿಕೆ ಕೊಡಬೇಕು. ಇಷ್ಟಕ್ಕೆ ನಾನು ನಿಮ್ಮ ಜೊತೆಗಿದ್ದೇನೆ. ಆದರೆ 'ಹಾಕಬೇಡಿ' ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ. ನಮ್ಮ ಮನೆಗೆ ಒಂದು ಮೊಲದ ಋಣ ಇದೆ.

ನಮ್ಮ ಭಾವನವರಿಗೆ ಲಿವರಿನ ಬಲಭಾಗದಲ್ಲಿ ಗಡ್ಡೆಯಾಗಿತ್ತು. ಮಂಗಳೂರಿನ ಡಾಕ್ಟರು, "ಬಲಭಾಗ ಪೂರ್ತಿ ತೆಗೆಯಬೇಕು, ಆದರೆ ಈಗಲೇ ತೆಗೆದರೆ ಉಳಿಯುವ ಎಡಭಾಗ ಸಾಲುವುದಿಲ್ಲ" ಅಂದರು. ಲಿವರಿಗೆ ಹೋಗುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಒಂದೇ ದೊಡ್ಡ ನಾಳದ್ದು. ಸೂಜಿ ಹಾಕಿ ಅದರ ಬಲಗವಲನ್ನು ಒಳಗಿಂದಲೇ ಮುಚ್ಚಿದರು. ನಾಲ್ಕು ವಾರ ಬಿಟ್ಟು ಬನ್ನಿ ಅಂದರು. ಗಡ್ಡೆ ಒಳಗಿಟ್ಟುಕೊಂಡು ಕಾಯುವುದು ಅಂದರೇನು ಅಂತ ಅಕ್ಕ ದಿನಾ ಅತ್ತಳು. ಪಕ್ಕದ ಮನೆಯವರು ಕಿರುನೆಲ್ಲಿ ರಸ ತಂದುಕೊಟ್ಟರು. ಡಾಕ್ಟರು ಬೇಡ ಅಂದರು.

ಐದನೇ ವಾರ ಎರಡು ಸ್ಕ್ಯಾನ್‌ಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಮೊದಲಿನದರಲ್ಲಿ ಎಡಭಾಗ ಮಾವಿನ ಹೋಳಿನಷ್ಟು ತೆಳ್ಳಗೆ ಕಾಣುತ್ತಿತ್ತು. ಎರಡನೆಯದರಲ್ಲಿ ಅದೇ ಹೋಳು ತುಂಬಿಕೊಂಡು ಜಠರದ ಕಡೆಗೆ ಹರಡಿತ್ತು. ಬಲಭಾಗ ಕುಗ್ಗಿತ್ತು. ಅಕ್ಕ ಆ ಅಂಚಿನ ಮೇಲೆ ಬೆರಳಿಟ್ಟವಳು ತೆಗೆಯಲೇ ಇಲ್ಲ. ಆಪರೇಶನ್ ಆಯಿತು. ಭಾವ ಈಗಲೂ ಶಂಕರಪುರದ ಮನೆಯಲ್ಲಿ ಬೆಳಗ್ಗೆ ಎದ್ದು ಮಲ್ಲಿಗೆ ಮೊಗ್ಗು ಕೊಯ್ಯುತ್ತಾರೆ.

ಈ ಉಪಾಯದ ಬೇರು ಎಲ್ಲಿದೆ ಗೊತ್ತಾ? 1920ರಲ್ಲಿ ಅಮೆರಿಕದ ಪೇಟನ್ ರೌಸ್ ಮತ್ತು ಲಾರಿಮೋರ್ ಮೊಲಗಳಲ್ಲಿ ಆ ನಾಳದ ಒಂದು ಕವಲನ್ನು ಕಟ್ಟಿದರು. ಕಟ್ಟಿದ ಕಡೆ ಸೊರಗಿತು, ಬಿಟ್ಟ ಕಡೆ ಬೆಳೆಯಿತು. ಜಪಾನಿನ ಸರ್ಜನ್ನರು ಅದನ್ನು ರೋಗಿಗಳಿಗೆ ತಂದದ್ದು 1980ರ ದಶಕದಲ್ಲಿ. ಅಂದರೆ 60 ವರ್ಷಕ್ಕೂ ಜಾಸ್ತಿ! 'ಇನ್ನೂ ಸಿಗದ ಮದ್ದು' ಅಂತ ಆಗ ಯಾರಾದರೂ ಆ ಮೊಲದ ಪುಟ ಹರಿದಿದ್ದರೆ ಅಕ್ಕನ ಗತಿ ಏನಾಗುತ್ತಿತ್ತು?

ಇಲಿಗಳ ಋಣವೂ ಸಣ್ಣದಲ್ಲ. 1931ರಲ್ಲಿ ಹಿಗಿನ್ಸ್ ಮತ್ತು ಆಂಡರ್ಸನ್ ಇಲಿಯ ಲಿವರಿನಲ್ಲಿ ಮೂರರಲ್ಲಿ ಎರಡು ಪಾಲು ತೆಗೆದು ನೋಡಿದರು. ಹೀಗೆ ತೆಗೆದರೆ ಒಂದು ವಾರ, ಹತ್ತು ದಿನದಲ್ಲಿ ಹೆಚ್ಚುಕಡಿಮೆ ಮೊದಲಿನ ತೂಕ ಬಂದುಬಿಡುತ್ತದೆ. ಏಡಿಯ ಕಾಲಿನ ಹಾಗೆ ಹೋದ ತುಂಡೇ ಮತ್ತೆ ಬರುವುದಲ್ಲ, ಉಳಿದದ್ದು ದೊಡ್ಡದಾಗುತ್ತದೆ. 1967ರಲ್ಲಿ ಎರಡು ಇಲಿಗಳ ರಕ್ತ ಒಂದರೊಳಗೊಂದು ಹರಿಯುವಂತೆ ಜೋಡಿಸಿದರು. ಒಂದರ ಲಿವರ್ ಕತ್ತರಿಸಿದರೆ, ಕತ್ತಿಯೇ ತಾಗದ ಇನ್ನೊಂದರ ಲಿವರಿನ ಜೀವಕೋಶಗಳೂ ಬೆಳೆಯಲು ಹೊರಟವು. 'ಬೆಳೆ' ಅನ್ನುವ ಕರೆ ರಕ್ತದಲ್ಲೇ ಇದೆ ಅಂತ ಗೊತ್ತಾದದ್ದು ಹಾಗೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಮ್ಮ ಊಟ ಕೆಡಿಸಿದ ಹಂದಿಗಳಿಗೆ ಬರೋಣ. ಲಿವರಿನ ಬೆಳವಣಿಗೆಗೆ ಒಳಗೇ ಒಂದು ಬ್ರೇಕ್ ಇದೆ, ಎಂಕೆಕೆ4 ಅನ್ನುವ ಪ್ರೋಟೀನು. ಅದನ್ನು ಸಡಿಲಿಸುವ ಮದ್ದನ್ನು ಜರ್ಮನಿಯ ವಿಜ್ಞಾನಿಗಳು ಮಾಡಿದ್ದಾರೆ. ಶೇ 85ರಷ್ಟು ಲಿವರ್ ತೆಗೆದ ಹಂದಿಗಳಲ್ಲೂ ಅದು ಲಿವರ್ ಕೈಕೊಡದಂತೆ ತಡೆಯಿತು ಅಂತ 2024ರಲ್ಲಿ ಪ್ರಕಟಿಸಿದರು. ಇದು ಸಣ್ಣ ಮಾತಲ್ಲ, ಟೀಚರೇ. ಕಸಿ ಮಾಡುವ ಲಿವರ್ ತುಂಡು ಸಾಮಾನ್ಯವಾಗಿ ರೋಗಿಯ ತೂಕದ ಶೇ 0.8ರಷ್ಟಾದರೂ ಇರಬೇಕು ಅಂತ ಲೆಕ್ಕ. 60 ಕಿಲೋ ಮನುಷ್ಯನಿಗೆ 480 ಗ್ರಾಂ. ಅಷ್ಟು ಕೊಡಲು ದಾನಿಗೆ ಹಲವು ಸಲ ತನ್ನ ಲಿವರಿನ ಅರ್ಧಕ್ಕಿಂತ ಜಾಸ್ತಿ ಬಿಟ್ಟುಕೊಡಬೇಕಾಗುತ್ತದೆ. ನಮ್ಮಲ್ಲಿ ಹಾಗೆ ಕೊಡುವವರು ಯಾರು? ಹೆಚ್ಚಾಗಿ ಹೆಂಡತಿ, ಇಲ್ಲವೇ ತಾಯಿ. ಸಣ್ಣ ತುಂಡನ್ನೇ ಬೇಗ ಬೆಳೆಸುವ ಮದ್ದು ಬಂದರೆ ಆ ಹೆಂಗಸಿನ ಹೊಟ್ಟೆಯಿಂದ ಅಷ್ಟು ಕಡಿಮೆ ತೆಗೆದರೆ ಸಾಕಾಗಬಹುದು. ಹಂದಿಯ ಮೇಲೆ ಮರುಗಿದಿರಿ, ಅವಳ ಮೇಲೂ ಒಂದಿಷ್ಟು ಮರುಗಬೇಡವೇ?

ನನ್ನ ಸಿಟ್ಟು ನಿಮ್ಮ ಮೇಲಲ್ಲ. 'ಲಿವರ್ ಬೆಳೆಸುವ ಮದ್ದು ಬಂತು' ಅಂತ ದೊಡ್ಡ ಅಕ್ಷರದಲ್ಲಿ ಹಾಕಿ, 'ಹಂದಿಯಲ್ಲಿ' ಅನ್ನುವ ಮಾತನ್ನೇ ನುಂಗಿಬಿಡುತ್ತಾರಲ್ಲ, ಅವರ ಮೇಲೆ. ಮರುದಿನ ರೋಗಿಯ ಮನೆಯವರು ಮೆಡಿಕಲ್ ಶಾಪಿಗೆ ಹೋಗಿ ಆ ಮದ್ದು ಕೇಳುತ್ತಾರೆ, ಟಾನಿಕ್ ಬಾಟಲಿ ಹಿಡಿದು ವಾಪಸು ಬರುತ್ತಾರೆ. ನಾವು 'ಹಂದಿ' ಅಂತ ತಲೆಬರಹದಲ್ಲೇ ಹಾಕಿದೆವು. ಅದಕ್ಕೇ ನಿಮಗೆ ನೋವಾಯಿತು. ಆ ನೋವು ಪ್ರಾಣಿಗೆ ಸಲ್ಲಬೇಕಾದ್ದೇ. ನಮ್ಮ ಶಾಲೆಗಳೂ ಮಕ್ಕಳಿಗೆ 'ಪಿತ್ತಜನಕಾಂಗ' ಅಂತ ಬಾಯಿಪಾಠ ಮಾಡಿಸಿ ಕೈಬಿಟ್ಟವು. ಮನೆಯಲ್ಲಿ ಲಿವರಿಗೆ ರೋಗ ಬಂದಾಗ ಅದೂ ಇದೂ ಒಂದೇ ಅಂತ ಎಷ್ಟು ಜನಕ್ಕೆ ಹೊಳೆಯುತ್ತದೆ? ನೀವು ಎಷ್ಟೋ ಮಕ್ಕಳಿಗೆ ಪಾಠ ಹೇಳಿದವರು, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು.

1967ರ ಆ ಎರಡು ಇಲಿಗಳ ಕಥೆಯನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತಿದ್ದೇವೆ. ಓದಿ, ಮತ್ತೆ ಬೈದು ಬರೆಯಿರಿ.

– ಸಂಪಾದಕ