ಮಗುವಿನ ಚರ್ಮ ಸುಲಿಯುತ್ತಿದೆ ಎಂಬ ವೈದ್ಯಕೀಯ ಪಿಜಿ ಪ್ರವೇಶ ಪರೀಕ್ಷೆಯ ಪ್ರಶ್ನೆಯಲ್ಲಿ ಎಸ್‌ಎಸ್‌ಎಸ್‌ಎಸ್ಸೋ, ಸ್ಟೀವನ್ಸ್-ಜಾನ್ಸನ್ನೋ ಎಂದು ಗುರುತಿಸುವುದು ಹೇಗೆ?

ಬಾಯಿಯ ಒಳಗೆ ನೋಡಿ. ತುಟಿಯ ಸುತ್ತ ಬಿರುಕು, ಹಕ್ಕಳೆ ಇದ್ದೂ ಒಳಗೆ ಹುಣ್ಣಿಲ್ಲದಿದ್ದರೆ ಎಸ್‌ಎಸ್‌ಎಸ್‌ಎಸ್, ಅಂದರೆ ಸ್ಟ್ಯಾಫ್ ಬ್ಯಾಕ್ಟೀರಿಯಾದ ವಿಷದಿಂದ ಚರ್ಮ ಸುಟ್ಟಂತೆ ಸುಲಿಯುವ ಕಾಯಿಲೆ. ಒಳಗೂ ಹುಣ್ಣಿದ್ದರೆ ಸ್ಟೀವನ್ಸ್-ಜಾನ್ಸನ್, ಅಂದರೆ ಹೆಚ್ಚಾಗಿ ಔಷಧಿಯ ಪ್ರತಿಕ್ರಿಯೆಯಿಂದ ಚರ್ಮ, ಒಳಪೊರೆ ಎರಡೂ ಸುಲಿಯುವ ಕಾಯಿಲೆಯ ಕಡೆ ಯೋಚಿಸಿ. ಪ್ರಶ್ನೆಯಲ್ಲಿ ಔಷಧಿಯ ಹೆಸರೇನಾದರೂ ಇದೆಯೇ ಹುಡುಕಿ.

ಆ ವಿಷ ಕತ್ತರಿಸುವುದು ಕೋಶಗಳನ್ನು ಅಂಟಿಸಿಡುವ ಡೆಸ್ಮೋಗ್ಲೀನ್-1 ಎಂಬ ಪ್ರೋಟೀನನ್ನು ಮಾತ್ರ. ಚರ್ಮದ ಮೇಲ್ಪದರಕ್ಕೆ ಅದೇ ಆಧಾರ. ಬಾಯಿಯ ಒಳಪೊರೆಯನ್ನು ಡೆಸ್ಮೋಗ್ಲೀನ್-3 ಹಿಡಿದಿಡುವುದರಿಂದ ಅಲ್ಲಿ ಸುಲಿಯುವುದಿಲ್ಲ.

ನಮ್ಮ ಮಂಗಳೂರಿನ ಸೆಕೆಗೆ ಹೇಳಿಮಾಡಿಸಿದ ಬುಲ್ಲಸ್ ಇಂಪೆಟೈಗೋ ಎಂಬ ನೀರುಗುಳ್ಳೆಯ ಚರ್ಮದ ಸೋಂಕಿನಲ್ಲೂ ವಿಷ ಅದೇ, ಆದರೆ ಬ್ಯಾಕ್ಟೀರಿಯಾ ಗುಳ್ಳೆಯ ನೀರಲ್ಲೇ ಇರುತ್ತದೆ. ಎಸ್‌ಎಸ್‌ಎಸ್‌ಎಸ್‌ನಲ್ಲಿ ವಿಷ ದೂರದಿಂದ ರಕ್ತದಲ್ಲಿ ಬರುವುದರಿಂದ ಗುಳ್ಳೆಯ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಸಾಮಾನ್ಯವಾಗಿ ನೆಗೆಟಿವ್. ಇನ್ನು 'ನಿಕೋಲ್ಸ್ಕಿ ಪಾಸಿಟಿವ್' (ಮೆಲ್ಲಗೆ ಉಜ್ಜಿದರೂ ಚರ್ಮ ಸುಲಿಯುವುದು) ಎಂದು ಕಂಡ ಕೂಡಲೇ ಟಿಕ್ ಹಾಕಬೇಡಿ, ಅದು ಸ್ಟೀವನ್ಸ್-ಜಾನ್ಸನ್‌ನಲ್ಲೂ ಬರುತ್ತದೆ.